ಸೌರ, ಪವನ ಹೆಚ್ಚಿರುವ ರಾಷ್ಟ್ರೀಯ ಗ್ರಿಡ್‌ಗೆ 5,000 ಮೆಗಾವ್ಯಾಟ್ ಬ್ಯಾಟರಿ ಸಾಕೇ?

ತಂತಿಜಾಲ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸೌರ ಮತ್ತು ಪವನ ವಿದ್ಯುತ್ತೇ ಹೆಚ್ಚಿರುವ ಒಂದು ರಾಷ್ಟ್ರೀಯ ಗ್ರಿಡ್‌ಗೆ ಎಷ್ಟು ಬ್ಯಾಟರಿ ಬೇಕು ಎಂಬ ಬಗ್ಗೆ ಅಧ್ಯಯನ ಟಿಪ್ಪಣಿ ಬರೆಯುತ್ತಿದ್ದೇನೆ. ಅಂಕಿಗಳು ಅಭ್ಯಾಸಕ್ಕೆಂದು ಇಟ್ಟುಕೊಂಡವು, ಯಾವ ದೇಶದವೂ ಅಲ್ಲ.

ಸ್ಥಾಪಿತ ಸಾಮರ್ಥ್ಯ: ಸೌರ 22 ಗಿಗಾವ್ಯಾಟ್, ಪವನ 12. ಕರೆದಾಗ ಸಿಗುವ ಉಷ್ಣ ವಿದ್ಯುತ್ 14, ಜಲಾಶಯದ ಜಲವಿದ್ಯುತ್ 6. ಉಷ್ಣ ಘಟಕಗಳನ್ನು ಶೇ. 50ಕ್ಕಿಂತ ಕೆಳಗೆ ಇಳಿಸಲಾಗದು. ಫ್ರೀಕ್ವೆನ್ಸಿ (ವಿದ್ಯುತ್ತಿನ ಅಲೆ ಸೆಕೆಂಡಿಗೆ ಎಷ್ಟು ಸಲ ಬಂದುಹೋಗುತ್ತದೆ ಎಂಬ ಅಂಕಿ; ಉತ್ಪಾದನೆ ಬೇಡಿಕೆಗಿಂತ ಕಡಿಮೆಯಾದರೆ ಇಳಿಯುತ್ತದೆ) 50 ಹರ್ಟ್ಜ್. ಒಂದೇ ಟ್ರಿಪ್‌ನಲ್ಲಿ (ದೋಷ ಕಂಡು ತಾನಾಗಿ ಗ್ರಿಡ್‌ನಿಂದ ಕಳಚಿಕೊಳ್ಳುವುದು) ಕೈತಪ್ಪಬಹುದಾದ ಅತಿ ದೊಡ್ಡ ಉತ್ಪಾದನೆ 1.5 ಗಿಗಾವ್ಯಾಟ್.

ಬೇಡಿಕೆ ಜಾಸ್ತಿ ಇರುವ ಕಾಲದ ಒಂದು ಬಿಸಿಲಿನ ದಿನ ಹೀಗಿದೆ. ಮೂರು ಅಂಕಿಗಳು ಕ್ರಮವಾಗಿ ಬೇಡಿಕೆ, ಸೌರ, ಪವನ; ಎಲ್ಲ ಗಿಗಾವ್ಯಾಟ್‌ನಲ್ಲಿ:

10–11: 23 / 15 / 3
11–15 (ಸರಾಸರಿ): 23 / 18 / 3
15–16: 24 / 15 / 3
16–17: 24.5 / 12 / 3
17–18: 26 / 7 / 3
18–19: 28.5 / 2 / 3.5
19–20: 30 / 0 / 4
20–21: 29.5 / 0 / 4
21–22: 28 / 0 / 4
22–23: 25.5 / 0 / 4.5
23–24: 22.5 / 0 / 4.5

ಸದ್ಯದ ಕರಡಿನಲ್ಲಿರುವುದು 5,000 ಮೆಗಾವ್ಯಾಟ್, 2 ಗಂಟೆಯ (ಪೂರ್ಣ ಶಕ್ತಿಯಲ್ಲಿ ಅಷ್ಟು ಹೊತ್ತು ಕೊಡಬಲ್ಲ) ಬ್ಯಾಟರಿ. ಇದು ಸಾಲುತ್ತದೆಯೇ? ಇದೇ ಬ್ಯಾಟರಿಯನ್ನು ಫ್ರೀಕ್ವೆನ್ಸಿ ಹಿಡಿದಿಡುವುದಕ್ಕೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದೇ? ಪಂಪ್ಡ್ ಸ್ಟೋರೇಜ್ (ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಿನ ಕೆರೆಗೆ ಏರಿಸಿ, ಬೇಕಾದಾಗ ಇಳಿಸಿ ವಿದ್ಯುತ್ ಪಡೆಯುವುದು) ಅಥವಾ ಹೊಸ ಪ್ರಸರಣ ಮಾರ್ಗ ಹಾಕಿದರೆ ಬ್ಯಾಟರಿಯ ಅಗತ್ಯವೇ ತಪ್ಪುವುದಿಲ್ಲವೇ? ಬೆಂಕಿ ಮತ್ತು ಬಾಳಿಕೆಯ ಬಗ್ಗೆಯೂ ತಿಳಿದವರು ಹೇಳಿ.

---

ಶೇಷಬೇಡಿಕೆ ಉತ್ತರ:

ಸಾಲುವುದಿಲ್ಲ. ಎಷ್ಟು ಮೆಗಾವ್ಯಾಟ್ ಎಂದು ಮೊದಲು ನಿಶ್ಚಯಿಸಿ ಗಂಟೆಗಳನ್ನು ಆಮೇಲೆ ಸೇರಿಸಿದ್ದೀರಿ, ಲೆಕ್ಕ ತಪ್ಪಿರುವುದು ಅಲ್ಲೇ. ಗಂಟೆಗಂಟೆಗೂ ಬೇಡಿಕೆಯಿಂದ ಸೌರ, ಪವನ ಎರಡನ್ನೂ ಕಳೆದು ಉಳಿಯುವ ಬೇಡಿಕೆಯನ್ನು ಬರೆದುಕೊಳ್ಳಿ. ನಿಮ್ಮದೇ ಅಂಕಿಗಳಿಂದ, ಗಿಗಾವ್ಯಾಟ್‌ನಲ್ಲಿ, 10 ಗಂಟೆಗೆ 5, 11ರಿಂದ 15ರವರೆಗೆ 2, 15 ಗಂಟೆಗೆ 6, 16ಕ್ಕೆ 9.5, 17ಕ್ಕೆ 16, 18ಕ್ಕೆ 23, 19ಕ್ಕೆ 26, 20ಕ್ಕೆ 25.5, 21ಕ್ಕೆ 24, 22ಕ್ಕೆ 21, 23ಕ್ಕೆ 18. ಉಷ್ಣ ಮತ್ತು ಜಲ ಸೇರಿ ನಿಮ್ಮ ಕೈಯಲ್ಲಿರುವುದು 20. ಅದರ ಮೇಲೆ ಚಾಚಿಕೊಂಡ ಭಾಗ 3, 6, 5.5, 4, 1. ಕೂಡಿಸಿದರೆ 19.5 ಗಿಗಾವ್ಯಾಟ್-ಗಂಟೆ. ಕರಡಿನಲ್ಲಿರುವುದು 10 (5 ಗಿಗಾವ್ಯಾಟ್ × 2 ಗಂಟೆ). ಯಾವ ಕ್ರಮದಲ್ಲಿ ಡಿಸ್‌ಚಾರ್ಜ್ ಮಾಡಿದರೂ 9.5 ಗಿಗಾವ್ಯಾಟ್-ಗಂಟೆಯಷ್ಟು ಲೋಡ್ ಶೆಡ್ಡಿಂಗ್ ಉಳಿಯುತ್ತದೆ. ಸಂಜೆ ಆರಕ್ಕೇ ಪೂರ್ತಿ ಬಿಟ್ಟುಕೊಂಡರೆ ರಾತ್ರಿ ಒಂಬತ್ತರ ಹೊತ್ತಿಗೆ ಬ್ಯಾಟರಿ ಬರಿದಾಗಿರುತ್ತದೆ, ಕೊರತೆ ಮಾತ್ರ ಇನ್ನೂ 4 ಗಿಗಾವ್ಯಾಟ್ ಇರುತ್ತದೆ.

ಇಡೀ ಕೊರತೆಗೆ ಒಂದೇ ಅವಧಿಯ ಬ್ಯಾಟರಿ ಬೇಕು ಎಂದುಕೊಳ್ಳಬೇಡಿ. ಶಿಖರವನ್ನು ಮೇಲಿನಿಂದ ಪದರ ಪದರವಾಗಿ ಕತ್ತರಿಸಿ ನೋಡಿ. 26ರಿಂದ 24ಕ್ಕೆ ಇಳಿಸಲು 2 ಗಿಗಾವ್ಯಾಟ್ ಬೇಕು, ಶಕ್ತಿ ಬೇಕಾದದ್ದು 3.5 ಗಿಗಾವ್ಯಾಟ್-ಗಂಟೆ ಮಾತ್ರ. ಆ ತುದಿಗೆ 2 ಗಂಟೆಯ ಬ್ಯಾಟರಿ ಸರಿಹೋಗುತ್ತದೆ. 24ರಿಂದ 20ಕ್ಕೆ ಇಳಿಸಲು ಇನ್ನೂ 4 ಗಿಗಾವ್ಯಾಟ್, ಶಕ್ತಿ 16 ಗಿಗಾವ್ಯಾಟ್-ಗಂಟೆ. ಅಂದರೆ 4 ಗಂಟೆಯದು. 18ರವರೆಗೆ ಇಳಿಸಿ ಎರಡು ಗಿಗಾವ್ಯಾಟ್‌ನಷ್ಟು ಉಷ್ಣ ಘಟಕಗಳನ್ನು ಮುಚ್ಚಬೇಕೆಂದರೆ ಮತ್ತೆ 10 ಗಿಗಾವ್ಯಾಟ್-ಗಂಟೆ ಸೇರಿಸಬೇಕು, ಆ ಪದರಕ್ಕೆ 5 ಗಂಟೆ. ಶಿಖರದ ತುದಿ ಚೂಪು, ಬುಡ ಅಗಲ. ಹೀಗಾಗಿ ಒಂದೊಂದೇ ಗಿಗಾವ್ಯಾಟ್ ಹೆಚ್ಚಿದಂತೆ ಅದರ ಜೊತೆಗೆ ಬೇಕಾದ ಗಂಟೆಗಳೂ ಹೆಚ್ಚುತ್ತವೆ. ಮೊದಲು ಹಾಕಿದ ಬ್ಯಾಟರಿಯಿಂದ ಸಿಕ್ಕ ಪ್ರಯೋಜನವನ್ನೇ ಹತ್ತನೆಯದಕ್ಕೂ ಗುಣಿಸಿಕೊಂಡರೆ ಯೋಜನೆ ದಾರಿ ತಪ್ಪುತ್ತದೆ.

ಇನ್ನು 19.5 ಎನ್ನುವುದು ಗ್ರಿಡ್‌ಗೆ ತಲುಪಬೇಕಾದ ಶಕ್ತಿ. ಕಂಟೇನರ್ ಮೇಲೆ ಬರೆದಿರುವ ಅಂಕಿ ಬೇರೆ. ಹೊರಹರಿವಿನ ದಾರಿಯಲ್ಲಿ ಇನ್ವರ್ಟರ್, ಟ್ರಾನ್ಸ್‌ಫಾರ್ಮರ್, ಕೇಬಲ್ ಸೇರಿ ಶೇ. 6 ನಷ್ಟವಾದರೆ ಬ್ಯಾಟರಿಯಿಂದ ಹೊರಡಬೇಕಾದದ್ದು 20.7. ಸೆಲ್‌ಗಳನ್ನು ಶೇ. 5ರಿಂದ 95ರ ನಡುವೆ ಮಾತ್ರ ಬಳಸುತ್ತೀರಿ ಎಂದಾದರೆ 23. ದುರಸ್ತಿಯಲ್ಲಿರುವ ಘಟಕಗಳಿಗೆ ಶೇ. 3 ಬಿಟ್ಟರೆ ಸುಮಾರು 24. ಇದು ಮೊದಲ ದಿನದ ಮಾತು. ಸಾಮರ್ಥ್ಯ ಸವೆದು ಶೇ. 80ಕ್ಕೆ ಬಂದಾಗಲೂ ಇದೇ ಕೆಲಸ ಆಗಬೇಕೆಂದರೆ ಆರಂಭದಲ್ಲೇ 30 ಗಿಗಾವ್ಯಾಟ್-ಗಂಟೆ ಹಾಕಬೇಕು, ಇಲ್ಲವೇ 24ರಿಂದ ಶುರುಮಾಡಿ ಕೆಲವು ವರ್ಷಗಳಿಗೊಮ್ಮೆ ಹೊಸ ಕಂಟೇನರ್ ಸೇರಿಸುತ್ತ ಹೋಗಬೇಕು. ಎರಡನೆಯ ದಾರಿಯೇ ವಾಸಿ. ಆದರೆ ಅದಕ್ಕೆ ನೆಲ, ಅಡಿಪಾಯ, ಕೇಬಲ್ ಕಾಲುವೆ, ಸ್ವಿಚ್‌ಗೇರ್‌ನಲ್ಲಿ ಖಾಲಿ ಬೇ (ಹೊಸ ಸಂಪರ್ಕ ಕೊಡುವ ಜಾಗ) ಇವೆಲ್ಲವನ್ನೂ ಮೊದಲ ದಿನವೇ ಕಾದಿರಿಸಿರಬೇಕು. ಹಳೆಯ, ಹೊಸ ರ್ಯಾಕ್‌ಗಳನ್ನು (ಸರಣಿಯಲ್ಲಿ ಜೋಡಿಸಿದ ಸೆಲ್‌ಗಳ ಗುಂಪು) ಒಂದೇ ಡಿಸಿ ಬಸ್‌ಗೆ, ಅಂದರೆ ಒಂದೇ ನೇರ ವಿದ್ಯುತ್ ವಾಹಕಕ್ಕೆ, ಸೇರಿಸಬೇಡಿ. ಸಾಮರ್ಥ್ಯ ಬೇರೆಬೇರೆ ಇರುವುದರಿಂದ ಕರೆಂಟ್ ಸಮನಾಗಿ ಹಂಚಿಹೋಗುವುದಿಲ್ಲ. ಹೊಸದಕ್ಕೆ ಪ್ರತ್ಯೇಕ ಇನ್ವರ್ಟರ್ ಕೊಡಿ.

ಚಾರ್ಜಿಂಗ್ ಕಡೆಯನ್ನೂ ನೋಡೋಣ. ಹೋಗಿಬರುವ ದಕ್ಷತೆ ಶೇ. 85 ಎಂದಿಟ್ಟುಕೊಂಡರೆ 19.5 ಕೊಡಲು 23 ತುಂಬಬೇಕು. ಉಷ್ಣ ಘಟಕಗಳ ಕನಿಷ್ಠ ಮಟ್ಟ 7 ಗಿಗಾವ್ಯಾಟ್. ಅದರಿಂದ ಉಳಿದ ಬೇಡಿಕೆಯನ್ನು ಕಳೆದರೆ ಹಗಲಿನ ಹೆಚ್ಚುವರಿ ಬೆಳಿಗ್ಗೆ 10ಕ್ಕೆ 2, ಆಮೇಲೆ ನಾಲ್ಕು ಗಂಟೆ 5ರಂತೆ, 15ಕ್ಕೆ 1. ಒಟ್ಟು 23. ಬಿಸಿಲಿನ ದಿನ ಹೊಂದಿಕೆ ಸರಿಯಾಗಿದೆ, ಸೌರ ವಿದ್ಯುತ್ತನ್ನು ಕಡಿತಗೊಳಿಸಿ ವ್ಯರ್ಥ ಮಾಡುವುದು ತಪ್ಪುತ್ತದೆ. ಮೋಡದ ದಿನ ಆ ಹೆಚ್ಚುವರಿ ಇರುವುದಿಲ್ಲ. ಆಗ ಹಗಲಿನಲ್ಲಿ ಉಷ್ಣ ಘಟಕಗಳನ್ನೇ ಮೇಲೇರಿಸಿ ಬ್ಯಾಟರಿ ತುಂಬಬೇಕು. ಹಿಂದಿನ ರಾತ್ರಿಯೇ ಹವಾಮಾನ ಮುನ್ಸೂಚನೆ ನೋಡಿ ಎಷ್ಟು ಘಟಕ ಚಾಲೂ ಇರಬೇಕೆಂದು ತೀರ್ಮಾನ ಆಗಿರಬೇಕು. ತಣ್ಣಗಾದ ಕಲ್ಲಿದ್ದಲು ಬಾಯ್ಲರ್ ಮತ್ತೆ ಪೂರ್ಣ ಲೋಡಿಗೆ ಬರಲು ಅರ್ಧ ದಿನವೇ ಹಿಡಿಯಬಹುದು. ಮಧ್ಯಾಹ್ನ ಮೂರಕ್ಕೆ ನೆನಪಾದರೆ ಪ್ರಯೋಜನವಿಲ್ಲ.

ಇದೆಲ್ಲ ಒಂದು ದಿನದ ಲೆಕ್ಕ. ವರ್ಷದ 8,760 ಗಂಟೆಗಳನ್ನೂ, ಸಾಧ್ಯವಾದರೆ ಹಲವು ವರ್ಷಗಳ ಹವಾಮಾನವನ್ನೂ ಹೀಗೇ ಓಡಿಸಿ ನೋಡದೆ ಟಿಪ್ಪಣಿಯಲ್ಲಿ ಯಾವ ಅಂಕಿಯನ್ನೂ ಖಾಯಂ ಮಾಡಬೇಡಿ.

---

ಐವತ್ತುಹರ್ಟ್ಜ್ ಉತ್ತರ:

ಶೇಷಬೇಡಿಕೆ ಅವರು ಗಂಟೆಗಳ ಲೆಕ್ಕ ಕೊಟ್ಟಿದ್ದಾರೆ. ಸೆಕೆಂಡುಗಳ ಲೆಕ್ಕ ಬೇರೆಯೇ ಇದೆ. ಎರಡನ್ನೂ ಅದೇ ಮೆಗಾವ್ಯಾಟ್‌ಗಳಿಗೆ ಹೊರಿಸಿದರೆ ಆಪತ್ತಿನ ಹೊತ್ತಿನಲ್ಲಿ ಎರಡೂ ಕೈಕೊಡುತ್ತವೆ. ಸಂಜೆ 7ಕ್ಕೆ ನಿಮ್ಮ 6 ಗಿಗಾವ್ಯಾಟ್ ಪೂರ್ತಿ ಹೊರಗೆ ಹರಿಯುತ್ತಿದೆ. ಆ ಕ್ಷಣ 1.5 ಗಿಗಾವ್ಯಾಟ್ ಟ್ರಿಪ್ ಆದರೆ ಬ್ಯಾಟರಿ ಇನ್ನೇನು ಕೊಡಬಲ್ಲದು? ಇನ್ವರ್ಟರ್ ಆಗಲೇ ತನ್ನ ಮಿತಿಯಲ್ಲಿದೆ. ಹಾಗಾಗಿ ಬೇಕಾದದ್ದು 7.5 ಗಿಗಾವ್ಯಾಟ್. ಆ ಹೆಚ್ಚಿನ 1.5ಕ್ಕೆ ಅರ್ಧ ಗಂಟೆಯಷ್ಟು ಶಕ್ತಿ, ಅಂದರೆ 0.75 ಗಿಗಾವ್ಯಾಟ್-ಗಂಟೆ ಸಾಕು. ಅಷ್ಟರಲ್ಲಿ ಜಲವಿದ್ಯುತ್ ಅಥವಾ ಬೇರೆ ಮೀಸಲು ಬರಬೇಕು. ಮಧ್ಯಾಹ್ನದ ಸ್ಥಿತಿ ಇದಕ್ಕೆ ತದ್ವಿರುದ್ಧ. 5 ಗಿಗಾವ್ಯಾಟ್ ಚಾರ್ಜ್ ಆಗುತ್ತಿರುವಾಗ ಚಾರ್ಜಿಂಗ್ ನಿಲ್ಲಿಸಿದರೇ 5 ಗಿಗಾವ್ಯಾಟ್ ಪರಿಹಾರ ಸಿಕ್ಕಂತೆ.

ಆದರೂ ಫ್ರೀಕ್ವೆನ್ಸಿಯ ದೃಷ್ಟಿಯಿಂದ ಮಧ್ಯಾಹ್ನವೇ ಹೆಚ್ಚು ಅಪಾಯದ ಹೊತ್ತು, ಯಾಕೆಂದರೆ ಆಗ ತಿರುಗುತ್ತಿರುವ ಯಂತ್ರಗಳು ಕಡಿಮೆ. ಜಲವಿದ್ಯುತ್ ನಿಂತಿದೆ ಎಂದುಕೊಳ್ಳಿ. ಉಷ್ಣ ಘಟಕಗಳೆಲ್ಲ ಅರ್ಧ ಲೋಡಿನಲ್ಲಿದ್ದರೂ ಚಾಲೂ ಇವೆ. ಅವುಗಳ ಒಟ್ಟು ರೇಟಿಂಗ್ 16.5 ಗಿಗಾವೋಲ್ಟ್-ಆಂಪಿಯರ್, ಜಡತ್ವದ ಸ್ಥಿರಾಂಕ (ತಿರುಗುವ ರೋಟರ್‌ನಲ್ಲಿರುವ ಶಕ್ತಿ ಪೂರ್ಣ ರೇಟಿಂಗ್‌ನಲ್ಲಿ ಎಷ್ಟು ಸೆಕೆಂಡಿಗೆ ಸಮ ಎಂಬುದು) 4 ಸೆಕೆಂಡ್ ಎಂದಿಟ್ಟರೆ ರೋಟರ್‌ಗಳಲ್ಲಿ ಇರುವ ಶಕ್ತಿ 66 ಗಿಗಾವ್ಯಾಟ್-ಸೆಕೆಂಡ್. 1.5 ಕಳೆದುಕೊಂಡ ಮರುಕ್ಷಣ ಫ್ರೀಕ್ವೆನ್ಸಿ ಕುಸಿಯುವ ದರ 50 × 1.5 ÷ (2 × 66), ಅಂದರೆ ಸೆಕೆಂಡಿಗೆ 0.57 ಹರ್ಟ್ಜ್. ಏನೂ ಅಡ್ಡಬರದಿದ್ದರೆ ಎರಡು ಸೆಕೆಂಡ್ ಆಗುವುದರೊಳಗೆ 49 ದಾಟುತ್ತದೆ. ಇಂಧನ ಉಳಿಸಲೆಂದು ಅರ್ಧದಷ್ಟು ಘಟಕಗಳನ್ನು ಬಂದ್ ಮಾಡಿದ್ದರೆ ದರ 1.14. ಉಗಿ ಟರ್ಬೈನ್‌ನ ಗವರ್ನರ್ ಕವಾಟ ತೆರೆದು ಶಕ್ತಿ ಏರಿಸಲು ಹಲವು ಸೆಕೆಂಡ್ ಬೇಕು. ಬ್ಯಾಟರಿ ಇನ್ವರ್ಟರ್ ಒಂದು ಸೆಕೆಂಡಿನ ಸಣ್ಣ ಪಾಲಿನಲ್ಲಿ ಪೂರ್ಣ ಶಕ್ತಿಗೆ ಬರುತ್ತದೆ. ಬ್ಯಾಟರಿ ಬೇಕೇ ಬೇಕು ಎನ್ನಲು ಸಂಜೆಯ ಕೊರತೆಗಿಂತ ಗಟ್ಟಿಯಾದ ಕಾರಣ ಇದು.

ಆದರೆ ಬ್ಯಾಟರಿ ಇದ್ದ ಮಾತ್ರಕ್ಕೆ ಈ ಕೆಲಸ ತಾನಾಗಿ ಆಗುವುದಿಲ್ಲ, ಸೆಟ್ಟಿಂಗ್ ಮಾಡಿದರಷ್ಟೇ ಆಗುತ್ತದೆ. ಉಷ್ಣ ಘಟಕಗಳ ಡ್ರೂಪ್ (ಫ್ರೀಕ್ವೆನ್ಸಿ ಶೇಕಡಾ ಎಷ್ಟು ಇಳಿದರೆ ಪೂರ್ಣ ಶಕ್ತಿ ಕೊಡಬೇಕು ಎಂಬ ಸೆಟ್ಟಿಂಗ್) ಸಾಮಾನ್ಯವಾಗಿ ಶೇ. 4ರಿಂದ 5. 100 ಮೆಗಾವ್ಯಾಟ್ ಬ್ಯಾಟರಿಗೆ ಶೇ. 1 ಡ್ರೂಪ್ ಕೊಟ್ಟರೆ 0.5 ಹರ್ಟ್ಜ್ ಇಳಿತಕ್ಕೆ ಪೂರ್ತಿ 100 ಕೊಡುತ್ತದೆ, ಅದೇ ಶೇ. 5 ಕೊಟ್ಟರೆ 20 ಮಾತ್ರ. ಡೆಡ್‌ಬ್ಯಾಂಡ್ (ಬ್ಯಾಟರಿ ಸ್ಪಂದಿಸದೆ ಬಿಡುವ ಫ್ರೀಕ್ವೆನ್ಸಿ ಏರಿಳಿತದ ಪಟ್ಟಿ) ಅಗಲವಾಗಿದ್ದರೆ ಬಿದ್ದ ಮೇಲೆ ಏಳುತ್ತದೆ, ತೀರಾ ಕಿರಿದಾದರೆ ದಿನವಿಡೀ ಸಣ್ಣಪುಟ್ಟ ಏರಿಳಿತಕ್ಕೆ ಕುಣಿದು ಚಾರ್ಜ್ ಮಟ್ಟ ಎತ್ತಲೋ ಸರಿದುಹೋಗುತ್ತದೆ. ಜೊತೆಗೆ ಫ್ರೀಕ್ವೆನ್ಸಿ ಅಳೆಯುವ ಕಿಟಕಿ (ಅಳತೆಗೆ ತೆಗೆದುಕೊಳ್ಳುವ ಅವಧಿ) ಎಷ್ಟು ಉದ್ದ ಎಂದು ಕೇಳಿ ಬರೆಸಿಕೊಳ್ಳಿ. 2016ರ ಆಗಸ್ಟ್ 16ರಂದು ಕ್ಯಾಲಿಫೋರ್ನಿಯಾದ ಬ್ಲೂ ಕಟ್ ಕಾಡ್ಗಿಚ್ಚಿನಲ್ಲಿ ಮಾರ್ಗದ ದೋಷಗಳಿಂದಾಗಿ ಸುಮಾರು 1,200 ಮೆಗಾವ್ಯಾಟ್ ಸೌರ ಉತ್ಪಾದನೆ ಹೋಯಿತು. ಅದರಲ್ಲಿ ದೊಡ್ಡ ಪಾಲಿಗೆ ಕಾರಣ, ದೋಷದ ಕ್ಷಣದಲ್ಲಿ ವಿಕಾರಗೊಂಡ ಅಲೆಯನ್ನು ಇನ್ವರ್ಟರ್‌ಗಳು ಫ್ರೀಕ್ವೆನ್ಸಿ ಕುಸಿತ ಎಂದು ತಪ್ಪಾಗಿ ಅಳೆದು ತಕ್ಷಣ ಟ್ರಿಪ್ ಆದದ್ದು. ಗ್ರಿಡ್‌ನ ಫ್ರೀಕ್ವೆನ್ಸಿ ನಿಜಕ್ಕೂ ಅಷ್ಟು ಬಿದ್ದೇ ಇರಲಿಲ್ಲ.

ದಕ್ಷಿಣ ಆಸ್ಟ್ರೇಲಿಯಾದಲ್ಲಿ 2016ರ ಸೆಪ್ಟೆಂಬರ್ 28ರಂದು ಆದದ್ದೂ ಇದೇ ಜಾತಿಯದು. ಬಿರುಗಾಳಿಗೆ ಪ್ರಸರಣ ಗೋಪುರಗಳು ಬಿದ್ದು ವೋಲ್ಟೇಜ್ ಪದೇ ಪದೇ ಕುಸಿಯಿತು. ಇಷ್ಟು ಸಲ ಕುಸಿದರೆ ಉತ್ಪಾದನೆ ತಗ್ಗಿಸು ಎಂಬ ಮಿತಿ ಹಲವು ಗಾಳಿಯಂತ್ರಗಳ ನಿಯಂತ್ರಣದಲ್ಲಿ ಕೂತಿತ್ತು, ಅದರಿಂದ 456 ಮೆಗಾವ್ಯಾಟ್ ಕಡಿಮೆಯಾಯಿತು. ಆ ಕೊರತೆಯ ಹೊರೆ ನೆರೆಯ ರಾಜ್ಯದಿಂದ ವಿದ್ಯುತ್ ತರುವ ಹೇವುಡ್ ಅಂತರ್‌ಸಂಪರ್ಕದ ಮೇಲೆ ಬಿದ್ದು ಅದೂ ಟ್ರಿಪ್ ಆಗಿ ಇಡೀ ರಾಜ್ಯ ಕತ್ತಲಾಯಿತು. ಮರುವರ್ಷ ಡಿಸೆಂಬರ್‌ನಲ್ಲಿ ಅಲ್ಲೇ ಹಾರ್ನ್ಸ್‌ಡೇಲ್ ಬ್ಯಾಟರಿ ಚಾಲೂ ಆಯಿತು: 100 ಮೆಗಾವ್ಯಾಟ್, 129 ಮೆಗಾವ್ಯಾಟ್-ಗಂಟೆ. 2020ರಲ್ಲಿ ಅದನ್ನು 150ಕ್ಕೆ ಏರಿಸಿದರು. ಗಂಟೆಗಳ ಲೆಕ್ಕದಲ್ಲಿ ಅದು ಚಿಕ್ಕದೇ. ಸೆಕೆಂಡುಗಳ ಕೆಲಸದಲ್ಲಿ ಹೆಸರು ಮಾಡಿತು.

ಬ್ರಿಟನ್‌ನ 2019ರ ಆಗಸ್ಟ್ 9ರ ಘಟನೆಯನ್ನು ಟಿಪ್ಪಣಿಯಲ್ಲಿ ಸೇರಿಸಿ. ಸಿಡಿಲಿನ ನಂತರ ಒಂದು ಕಡಲ ಪವನ ಸ್ಥಾವರ, ಒಂದು ಅನಿಲ ಸ್ಥಾವರ, ಜೊತೆಗೆ ವಿತರಣಾ ಜಾಲದೊಳಗಿನ ಚಿಕ್ಕ ಉತ್ಪಾದಕರು ಒಟ್ಟೊಟ್ಟಿಗೆ ಬಿದ್ದರು. ಅಲ್ಲಿ ಮೀಸಲಿದ್ದದ್ದು ಸುಮಾರು 1,000 ಮೆಗಾವ್ಯಾಟ್, ಹೋದದ್ದು ಅದಕ್ಕಿಂತ ಬಹಳ ಹೆಚ್ಚು. ಫ್ರೀಕ್ವೆನ್ಸಿ 48.8ಕ್ಕೆ ಇಳಿದು ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರ ಸಂಪರ್ಕ ತಾನಾಗಿ ಕಡಿತವಾಯಿತು. ಚಿಕ್ಕ ಉತ್ಪಾದಕರು ಬಿದ್ದದ್ದು ಅವರ ರಿಲೇಗಳು (ದೋಷ ಕಂಡಾಗ ಸಂಪರ್ಕ ಕಡಿಯುವ ರಕ್ಷಣಾ ಸಾಧನಗಳು) ಫ್ರೀಕ್ವೆನ್ಸಿ ಕುಸಿತದ ದರ ನೋಡಿ ಟ್ರಿಪ್ ಆದದ್ದರಿಂದಲೂ ಹೌದು. ನಿಮ್ಮ 1.5 ಗಿಗಾವ್ಯಾಟ್ ಎಂಬ ಅಂಕಿಯೊಳಗೆ ಈ ಬಗೆಯ ಜೊತೆಬೀಳುವಿಕೆ ಸೇರಿದೆಯೇ? ಇಲ್ಲದಿದ್ದರೆ ಅದನ್ನು ಮತ್ತೆ ಲೆಕ್ಕ ಹಾಕಬೇಕು.

ಗ್ರಿಡ್ ಹಿಂಬಾಲಿಸುವ ಇನ್ವರ್ಟರ್ ಬೇರೆ, ಗ್ರಿಡ್ ಕಟ್ಟುವ ಇನ್ವರ್ಟರ್ ಬೇರೆ. ಮೊದಲನೆಯದು ಇರುವ ವೋಲ್ಟೇಜ್ ಅಲೆಯನ್ನು ನೋಡಿ ಅದಕ್ಕೆ ತಕ್ಕಂತೆ ಕರೆಂಟ್ ತಳ್ಳುತ್ತದೆ. ಶಾರ್ಟ್ ಸರ್ಕ್ಯೂಟ್ ಅನುಪಾತ (ಸ್ಥಾವರದ ಗಾತ್ರಕ್ಕೆ ಹೋಲಿಸಿದರೆ ಆ ಜಾಗದಲ್ಲಿ ಗ್ರಿಡ್ ಎಷ್ಟು ಬಲವಾಗಿದೆ ಎಂಬ ಅಳತೆ) 3ಕ್ಕಿಂತ ಕೆಳಗಿರುವ ದುರ್ಬಲ ಜಾಗದಲ್ಲಿ ಅದು ಹಿಡಿತ ಕಳೆದುಕೊಂಡು ಓಲಾಡಬಹುದು. ಎರಡನೆಯದು ತಾನೇ ವೋಲ್ಟೇಜ್ ಅಲೆಯನ್ನು ಹಿಡಿದು ನಿಲ್ಲುತ್ತದೆ, ಜಡತ್ವದಂತೆ ವರ್ತಿಸುತ್ತದೆ, ಕತ್ತಲಾದ ಗ್ರಿಡ್‌ಗೆ ಮರುಜೀವ ಕೊಡಲೂ ಬರುತ್ತದೆ. ಹಾರ್ನ್ಸ್‌ಡೇಲ್‌ನಲ್ಲಿ 2022ರಲ್ಲಿ ಈ ಬಗೆಯ ನಿಯಂತ್ರಣ ಅಳವಡಿಸಿದರು. ಹೊಸ ಗುತ್ತಿಗೆಯಲ್ಲಿ ಇದನ್ನೇ ಕೇಳಿ. ಸೆಲ್‌ಗಳೆಲ್ಲ ಅವೇ, ನಿಯಂತ್ರಣವಷ್ಟೇ ಬೇರೆ. ಆಮೇಲೆ ಸೇರಿಸಲು ಹೊರಟರೆ ಎಲ್ಲ ಪರೀಕ್ಷೆಯನ್ನೂ ಮತ್ತೆ ಮಾಡಬೇಕಾಗುತ್ತದೆ.

ಆದರೂ ಇನ್ವರ್ಟರ್ ದೋಷದ ಹೊತ್ತಿನಲ್ಲಿ ರೇಟಿಂಗ್‌ನ 1.1ರಿಂದ 1.2 ಪಟ್ಟು ಕರೆಂಟ್ ಮಾತ್ರ ಕೊಡುತ್ತದೆ. ತಿರುಗುವ ಜನರೇಟರ್ ಐದಾರು ಪಟ್ಟು ಕೊಡುತ್ತಿತ್ತು. ಹಳೆಯ ಓವರ್‌ಕರೆಂಟ್, ಡಿಸ್ಟೆನ್ಸ್ ರಿಲೇಗಳು ಆ ದೊಡ್ಡ ಕರೆಂಟ್ ಬರುತ್ತದೆಂದೇ ಸೆಟ್ ಆಗಿರುತ್ತವೆ. ಉಷ್ಣ ಘಟಕ ಮುಚ್ಚಿದ ಕಡೆ ಸಿಂಕ್ರೊನಸ್ ಕಂಡೆನ್ಸರ್ (ಇಂಧನವಿಲ್ಲದೆ ಗ್ರಿಡ್ ಜೊತೆ ಸುಮ್ಮನೆ ತಿರುಗುವ ಯಂತ್ರ) ಇಡುವುದೋ, ರಿಲೇ ಯೋಜನೆ ಬದಲಿಸುವುದೋ, ಎರಡರಲ್ಲಿ ಒಂದು ಆಗಲೇಬೇಕು. ವೋಲ್ಟೇಜನ್ನೂ ಮರೆಯಬೇಡಿ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್‌ನ ಮುಖ್ಯಭೂಮಿ ಕತ್ತಲಾದದ್ದು ಅತಿ ವೋಲ್ಟೇಜ್‌ನಿಂದ ಸರಣಿಯಾಗಿ ಉತ್ಪಾದನೆ ಕಳಚಿಕೊಂಡದ್ದರಿಂದ. ಬ್ಯಾಟರಿ ಇನ್ವರ್ಟರ್ ಶೂನ್ಯ ಮೆಗಾವ್ಯಾಟ್‌ನಲ್ಲಿ ಇದ್ದಾಗಲೂ ರಿಯಾಕ್ಟಿವ್ ಪವರ್ (ಕೆಲಸ ಮಾಡದ, ಆದರೆ ವೋಲ್ಟೇಜನ್ನು ಏರಿಸಿ ಇಳಿಸುವ ಭಾಗ) ಹೀರಬಲ್ಲದು, ಕೊಡಬಲ್ಲದು. ಅದನ್ನು ಸ್ಥಿರ ಪವರ್ ಫ್ಯಾಕ್ಟರ್‌ನಲ್ಲಿ ಕಟ್ಟಿಹಾಕದೆ ವೋಲ್ಟೇಜ್ ನಿಯಂತ್ರಣಕ್ಕೆ ಬಿಡಿ.

---

ಮೇಲ್ಕೆರೆ ಉತ್ತರ:

ಪಂಪ್ಡ್ ಸ್ಟೋರೇಜ್ ಬಗ್ಗೆ ಚುಟುಕಾಗಿ. ಅದನ್ನು ಬ್ಯಾಟರಿಯ ಎದುರಾಳಿ ಎಂದು ನೋಡುವುದೇ ತಪ್ಪು. ವೇಲ್ಸ್‌ನ ಡಿನೋರ್ವಿಗ್ ಸ್ಥಾವರ 1,728 ಮೆಗಾವ್ಯಾಟ್, ಸಂಗ್ರಹ ಸುಮಾರು 9 ಗಿಗಾವ್ಯಾಟ್-ಗಂಟೆ. 1980ರ ದಶಕದಿಂದ ಕೆಲಸ ಮಾಡುತ್ತಿದೆ. ದಕ್ಷತೆ ಶೇ. 75ರಿಂದ 80, ಬಾಳಿಕೆ ಅರ್ಧ ಶತಮಾನಕ್ಕೂ ಮೀರಿ, ಜೊತೆಗೆ ನಿಜವಾದ ತಿರುಗುವ ಜಡತ್ವ. ನಿಮ್ಮ ಲೆಕ್ಕದಲ್ಲಿ 5 ಗಂಟೆ ಮೀರಿದ ಪದರಗಳಿಗೆ ಇದು ಹೇಳಿ ಮಾಡಿಸಿದ್ದು. ತೊಡಕು ಎರಡು: ಎತ್ತರದ ವ್ಯತ್ಯಾಸವಿರುವ ಎರಡು ಕೆರೆಗಳಿಗೆ ಜಾಗ ಸಿಗಬೇಕು, ಸುರಂಗ ಕೊರೆದು ಮುಗಿಸುವ ಹೊತ್ತಿಗೆ ಹಲವು ವರ್ಷ ಹಿಡಿಯುತ್ತದೆ. ಸಂಪರ್ಕ ಬೇ ಸಿದ್ಧವಿದ್ದರೆ ಬ್ಯಾಟರಿ ಸ್ಥಾವರ ಒಂದೆರಡು ವರ್ಷದಲ್ಲಿ ನಿಲ್ಲುತ್ತದೆ. ಹಾಗಾಗಿ ಪಂಪ್ಡ್ ಸ್ಟೋರೇಜ್ ಕೆಲಸ ಇಂದೇ ಶುರುಮಾಡಿ, ಅದು ಬರುವವರೆಗಿನ ಸಂಜೆಗಳನ್ನು ಬ್ಯಾಟರಿ ನೋಡಿಕೊಳ್ಳಲಿ. ಇರುವ 6 ಗಿಗಾವ್ಯಾಟ್ ಜಲವಿದ್ಯುತ್ತಿನಲ್ಲಿ ಎಷ್ಟು ಘಟಕಗಳಿಗೆ ಕೆಳಗೂ ಜಲಾಶಯ ಇದೆ ಎಂದು ಮೊದಲು ನೋಡಿ. ಅಲ್ಲಿ ಹಿಮ್ಮುಖ ಟರ್ಬೈನ್ ಕೂರಿಸುವ ಸಾಧ್ಯತೆ ಇರುತ್ತದೆ.

ಪ್ರಸರಣ ಮಾರ್ಗದ ಪ್ರಶ್ನೆ ಇದಕ್ಕಿಂತ ಮುಖ್ಯ. ಹೊಸ ಮಾರ್ಗ ಶಕ್ತಿಯನ್ನು ಜಾಗದಿಂದ ಜಾಗಕ್ಕೆ ಸಾಗಿಸುತ್ತದೆ, ಬ್ಯಾಟರಿ ಹೊತ್ತಿನಿಂದ ಹೊತ್ತಿಗೆ. ದೇಶದ ಒಂದು ತುದಿಯಲ್ಲಿ ಗಾಳಿ ಇದ್ದು ಇನ್ನೊಂದು ತುದಿಯಲ್ಲಿ ಬೇಡಿಕೆ ಇದ್ದರೆ ಮಾರ್ಗವೇ ಬೇಕು. ಸಂಜೆ ಎಲ್ಲ ಕಡೆಯೂ ಸೂರ್ಯ ಮುಳುಗಿದ ಮೇಲೆ ಮಾರ್ಗ ಎಷ್ಟಿದ್ದರೂ ಸಾಗಿಸಲು ಏನಿದೆ? ಬ್ಯಾಟರಿಯನ್ನು ಎಲ್ಲಿಡುತ್ತೀರಿ ಎಂಬುದರ ಮೇಲೆ ಅದರ ಅರ್ಧ ಬೆಲೆ ನಿಂತಿದೆ. ಸೌರ ಪಾರ್ಕಿನಿಂದ ಹೊರಡುವ ಮಾರ್ಗ 1,000 ಮೆಗಾವ್ಯಾಟ್ ಹೊರುವಂತಿದ್ದು ಮಧ್ಯಾಹ್ನ 1,400 ಬರುತ್ತಿದ್ದರೆ ಬ್ಯಾಟರಿ ಪಾರ್ಕಿನ ಕಡೆ ಇರಬೇಕು. 400 ತುಂಬಿಟ್ಟು ಸಂಜೆ ಅದೇ ಮಾರ್ಗದಲ್ಲಿ ಕಳಿಸಬಹುದು. ಅದನ್ನೇ ನಗರದ ಕಡೆ ಇಟ್ಟರೆ ಆ 400 ಮಾರ್ಗದ ಆಚೆಯೇ ವ್ಯರ್ಥ. ಬದಲಿಗೆ ನಗರದ ಸಬ್‌ಸ್ಟೇಷನ್‌ಗೆ ಸಂಜೆ ಒಳಬರುವ ಮಾರ್ಗವೇ ಕಿರಿದಾಗಿದ್ದರೆ ಬ್ಯಾಟರಿ ನಗರದ ಕಡೆಯೇ ಇರಬೇಕು. ರಾಷ್ಟ್ರಕ್ಕೆ ಇಷ್ಟು ಗಿಗಾವ್ಯಾಟ್ ಎಂಬ ಒಂದೇ ಅಂಕಿಯಲ್ಲಿ ಇದು ಕಾಣುವುದಿಲ್ಲ. ಬಸ್‌ವಾರು ಲೋಡ್ ಫ್ಲೋ (ಒಂದೊಂದು ಸಬ್‌ಸ್ಟೇಷನ್, ಮಾರ್ಗದಲ್ಲಿ ಎಷ್ಟು ವಿದ್ಯುತ್ ಹರಿಯುತ್ತದೆ ಎಂಬ ಲೆಕ್ಕ) ಮಾಡಲೇಬೇಕು.

ಕೊನೆಯದು, ಗಾಳಿಯೂ ಬಿಸಿಲೂ ಕೈಕೊಡುವ ದಿನಗಳು. ನಾಲ್ಕೈದು ದಿನ ಸತತವಾಗಿ ದಿನಕ್ಕೆ 150 ಗಿಗಾವ್ಯಾಟ್-ಗಂಟೆ ಕೊರತೆ ಬಿದ್ದರೆ ನಿಮ್ಮ 20 ಗಿಗಾವ್ಯಾಟ್-ಗಂಟೆಯ ಬ್ಯಾಟರಿ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದನ್ನು ಬ್ಯಾಟರಿಯಿಂದಲೇ ತುಂಬುತ್ತೇನೆಂದು ಹೊರಟರೆ ವರ್ಷಕ್ಕೆ ಒಂದೆರಡು ಸಲ ಮಾತ್ರ ಬಳಕೆಯಾಗುವ ಬೃಹತ್ ಸ್ಥಾವರ ಕಟ್ಟಬೇಕಾಗುತ್ತದೆ. ಅಲ್ಲಿ ಜಲಾಶಯದಲ್ಲಿ ಉಳಿಸಿಟ್ಟ ನೀರು, ಇಂಧನ ದಾಸ್ತಾನಿರುವ ಉಷ್ಣ ಘಟಕ, ನೆರೆಯ ಗ್ರಿಡ್‌ಗಳ ಅಂತರ್‌ಸಂಪರ್ಕ ಇವೇ ಗತಿ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಚಳಿಗೆ ಅನಿಲ ಪೂರೈಕೆಯೂ ಎಲ್ಲ ಬಗೆಯ ಸ್ಥಾವರಗಳೂ ಹೆಪ್ಪುಗಟ್ಟಿ ದಿನಗಟ್ಟಲೆ ವಿದ್ಯುತ್ ಹೋಯಿತು. ನಾಲ್ಕು ಗಂಟೆಯ ಸಂಗ್ರಹ ಅಂಥ ದಿನಗಳಿಗೆ ಉತ್ತರವಲ್ಲ. ಹಾಗಂತ ಬ್ಯಾಟರಿಯನ್ನು ನಿರಾಕರಿಸುವುದೂ ಸರಿಯಲ್ಲ. ದಿನನಿತ್ಯದ ಸಂಜೆಯ ಹೊರೆಯನ್ನು ಅದು ಹೊತ್ತರೆ ನೀರು ಮತ್ತು ಇಂಧನ ಆ ಕೆಟ್ಟ ವಾರಕ್ಕೆ ಉಳಿಯುತ್ತದೆ.

---

ರ್ಯಾಕ್416 ಉತ್ತರ:

ಸ್ಥಾವರದ ಒಳಗಿನ ವಿಷಯ ಹೇಳುತ್ತೇನೆ. ಈಗ ಗ್ರಿಡ್ ಕೆಲಸಕ್ಕೆ ಹೆಚ್ಚಾಗಿ ಬರುವುದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್. 314 ಆಂಪಿಯರ್-ಗಂಟೆ, 3.2 ವೋಲ್ಟ್, ಒಂದು ಸೆಲ್‌ಗೆ ಸುಮಾರು 1 ಕಿಲೋವ್ಯಾಟ್-ಗಂಟೆ. 416 ಸೆಲ್ ಸರಣಿಯಲ್ಲಿ ಸೇರಿದರೆ 1,331 ವೋಲ್ಟ್‌ನ ಒಂದು ರ್ಯಾಕ್, ಅಂಥ 12 ರ್ಯಾಕ್ ಸೇರಿ 20 ಅಡಿಯ ಕಂಟೇನರ್‌ನಲ್ಲಿ 5 ಮೆಗಾವ್ಯಾಟ್-ಗಂಟೆ. 24 ಗಿಗಾವ್ಯಾಟ್-ಗಂಟೆಗೆ 4,800 ಕಂಟೇನರ್, ಸುಮಾರು 2.4 ಕೋಟಿ ಸೆಲ್. ಸರಣಿಯಲ್ಲಿರುವುದರಿಂದ 416ರಲ್ಲಿ ಒಂದು ಸೆಲ್ 3.65 ವೋಲ್ಟ್ ಮುಟ್ಟಿದರೆ ಇಡೀ ರ್ಯಾಕಿನ ಚಾರ್ಜಿಂಗ್ ನಿಲ್ಲುತ್ತದೆ, ಒಂದು 2.5ಕ್ಕೆ ಇಳಿದರೆ ಡಿಸ್‌ಚಾರ್ಜ್ ನಿಲ್ಲುತ್ತದೆ. ಅತ್ಯಂತ ದುರ್ಬಲ ಸೆಲ್ ಎಷ್ಟೋ ರ್ಯಾಕ್ ಅಷ್ಟೇ.

ಕಂಟ್ರೋಲ್ ರೂಮಿನವರಿಗೆ ದಿನವೂ ಕಾಡುವ ತೊಂದರೆ ಚಾರ್ಜ್ ಮಟ್ಟದ ಅಂದಾಜು. ಈ ರಸಾಯನದ ವೋಲ್ಟೇಜ್ ರೇಖೆ ನಡುಭಾಗದಲ್ಲಿ ಹೆಚ್ಚುಕಡಿಮೆ ಚಪ್ಪಟೆ. ಶೇ. 40 ಇದ್ದರೂ 60 ಇದ್ದರೂ ವೋಲ್ಟೇಜ್ ನೋಡಿ ಹೇಳುವುದು ಕಷ್ಟ. ಹೀಗಾಗಿ ಬಿಎಂಎಸ್ (ಬ್ಯಾಟರಿಯನ್ನು ನೋಡಿಕೊಳ್ಳುವ ನಿಯಂತ್ರಣ ವ್ಯವಸ್ಥೆ) ಒಳಹೋದ, ಹೊರಬಂದ ಕರೆಂಟನ್ನು ಎಣಿಸುತ್ತ ಹೋಗುತ್ತದೆ, ಸೆನ್ಸರಿನ ಸಣ್ಣ ತಪ್ಪು ದಿನದಿಂದ ದಿನಕ್ಕೆ ಕೂಡುತ್ತದೆ. ಬರೀ ಫ್ರೀಕ್ವೆನ್ಸಿ ಕೆಲಸಕ್ಕೆಂದು ಸದಾ ಶೇ. 50ರ ಆಸುಪಾಸಿನಲ್ಲೇ ಇರುವ ಸ್ಥಾವರದಲ್ಲಿ ಇದು ಅತಿ ಹೆಚ್ಚು. ಪರದೆಯಲ್ಲಿ ಶೇ. 30 ತೋರಿಸುತ್ತಿರುವಾಗಲೇ ರ್ಯಾಕ್ ಕಳಚಿಕೊಳ್ಳುತ್ತದೆ. ಪರಿಹಾರ ಸರಳ: ನಿಗದಿತ ಅವಧಿಗೊಮ್ಮೆ ಸರದಿಯ ಮೇಲೆ ರ್ಯಾಕ್‌ಗಳನ್ನು ಪೂರ್ತಿ ತುಂಬಿಸಿ, ಬ್ಯಾಲೆನ್ಸಿಂಗ್‌ಗೆ (ಎಲ್ಲ ಸೆಲ್‌ಗಳನ್ನೂ ಒಂದೇ ಮಟ್ಟಕ್ಕೆ ತರುವುದಕ್ಕೆ) ಸಮಯ ಕೊಟ್ಟು ಎಣಿಕೆಯನ್ನು ಸರಿಪಡಿಸಬೇಕು. ಆ ಹೊತ್ತು ಆ ಭಾಗ ಸೇವೆಗೆ ಸಿಗುವುದಿಲ್ಲ ಎಂಬುದನ್ನು ಕರಾರಿನಲ್ಲೇ ಬರೆದಿರಬೇಕು, ಇಲ್ಲವಾದರೆ ನಿರ್ವಾಹಕರು ಅದನ್ನು ಮುಂದೂಡುತ್ತಲೇ ಇರುತ್ತಾರೆ.

ತಾಪಮಾನ: ಸೆಲ್‌ಗಳು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರಬೇಕು, ಒಂದೇ ರ್ಯಾಕಿನ ಸೆಲ್‌ಗಳ ನಡುವೆ ಮೂರ್ನಾಲ್ಕು ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು. ಬಿಸಿ ಇರುವ ಕಡೆಯವು ಬೇಗ ಸವೆದು ಆಮೇಲೆ ಇಡೀ ಸರಣಿಯನ್ನು ಹಿಡಿದೆಳೆಯುತ್ತವೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಆನೋಡಿನ ಮೇಲೆ ಲೋಹದ ಲಿಥಿಯಂ ಕೂರುತ್ತದೆ, ಆ ಹಾನಿ ಸರಿಹೋಗುವುದಿಲ್ಲ. ತಂಪು ಮಾಡುವ ಯಂತ್ರಗಳ ವಿದ್ಯುತ್ತನ್ನು ದಕ್ಷತೆಯ ಲೆಕ್ಕದಿಂದ ಹೊರಗಿಟ್ಟು ಶೇ. 90 ಎಂದು ತೋರಿಸುವವರಿದ್ದಾರೆ. ಅದನ್ನು ಸೇರಿಸಿದ ಅಂಕಿಯನ್ನೇ ಕೇಳಿ.

ಬೆಂಕಿಯ ಬಗ್ಗೆ. ಫಾಸ್ಫೇಟ್ ರಸಾಯನ ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್‌ಗಿಂತ ಶಾಖಕ್ಕೆ ತಾಳಿಕೊಳ್ಳುತ್ತದೆ. ಆದರೆ ಒಳಗೆ ಶಾರ್ಟ್ ಆಗಿ ಕಾಯುತ್ತ ಹೋದರೆ ಅದೂ ಹೈಡ್ರೊಜನ್, ಕಾರ್ಬನ್ ಮಾನಾಕ್ಸೈಡ್ ಇರುವ ಅನಿಲ ಕಾರುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಜ್ವಾಲೆಗಿಂತ ಆ ಅನಿಲವೇ ಅಪಾಯ. 2019ರ ಏಪ್ರಿಲ್‌ನಲ್ಲಿ ಅರಿಜೋನಾದ ಮೆಕ್‌ಮಿಕನ್ ಸ್ಥಾವರದಲ್ಲಿ ಬೆಂಕಿ ನಂದಿಸುವ ಅನಿಲ ಬಿಡುಗಡೆಯಾಗಿತ್ತು. ಆದರೂ ಸೆಲ್‌ನಿಂದ ಸೆಲ್‌ಗೆ ಕಾವು ಹಬ್ಬುವುದು ನಿಲ್ಲಲಿಲ್ಲ. ಒಳಗೆ ತುಂಬಿದ್ದ ದಹ್ಯ ಅನಿಲ ಬಾಗಿಲು ತೆರೆದ ಮೇಲೆ ಸ್ಫೋಟಿಸಿ ಅಗ್ನಿಶಾಮಕ ಸಿಬ್ಬಂದಿ ಗಂಭೀರವಾಗಿ ಗಾಯಗೊಂಡರು. 2025ರ ಜನವರಿ 16ರಂದು ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ಹೊತ್ತಿಕೊಂಡದ್ದು ಹಳೆಯ ವಿದ್ಯುತ್ ಸ್ಥಾವರದ ಕಟ್ಟಡದೊಳಗೆ ಸಾಲಾಗಿ ಜೋಡಿಸಿದ್ದ ನಿಕ್ಕಲ್ ಬಗೆಯ ಬ್ಯಾಟರಿ. ಒಂದೇ ಸೂರಿನಡಿ ಇದ್ದದ್ದರಿಂದ ಹಬ್ಬುವುದಕ್ಕೆ ಅಡ್ಡಿಯೇ ಇರಲಿಲ್ಲ.

ಹಾಗಾಗಿ ಕಟ್ಟಡ ಬೇಡ, ಬಯಲಿನಲ್ಲಿ ಬಿಡಿ ಕಂಟೇನರ್ ಇರಲಿ, ನಡುವೆ ಅಂತರ ಇರಲಿ. ಅಂತರ ಎಷ್ಟು ಎಂಬುದನ್ನು ಯುಎಲ್ 9540ಎ ಪರೀಕ್ಷೆಯ (ಒಂದು ಸೆಲ್ ಹೊತ್ತಿಕೊಂಡರೆ ಬೆಂಕಿ ಎಷ್ಟು ಹಬ್ಬುತ್ತದೆ ಎಂದು ನೋಡುವುದು) ಫಲಿತಾಂಶದಿಂದ ನಿರ್ಧರಿಸಿ, ಜಾಗ ಸಾಲದೆಂದು ಕಿರಿದಾಗಿಸಬೇಡಿ. ಅನಿಲ ಪತ್ತೆ, ಅದು ಕೆಲಸ ಮಾಡಿದ ಕೂಡಲೇ ತಾನಾಗಿ ಓಡಿ ಅನಿಲವನ್ನು ಹೊರಹಾಕುವ ಫ್ಯಾನ್, ಒತ್ತಡ ಮೇಲಕ್ಕೆ ಬಿಡುವ ಫಲಕ ಈ ಮೂರೂ ಇರಬೇಕು. ಹೊತ್ತಿಕೊಂಡ ಕಂಟೇನರ್ ಉರಿದು ಮುಗಿಯಲಿ, ನೀರು ಪಕ್ಕದವನ್ನು ತಣ್ಣಗಿಡಲು. ಬಾಗಿಲು ತೆರೆಯಬಾರದು ಎಂಬುದನ್ನು ಅಗ್ನಿಶಾಮಕ ದಳಕ್ಕೆ ಸ್ಥಾವರ ಚಾಲೂ ಆಗುವ ಮುನ್ನವೇ ಅಭ್ಯಾಸ ಮಾಡಿಸಿರಬೇಕು.

---

ತಂತಿಜಾಲ:

ಎಲ್ಲರಿಗೂ ತುಂಬಾ ಧನ್ಯವಾದ. ಕರಡನ್ನು ಹೀಗೆ ತಿದ್ದಿದ್ದೇನೆ: 2 ಗಂಟೆಯ 2 ಗಿಗಾವ್ಯಾಟ್, 4 ಗಂಟೆಯ 4 ಗಿಗಾವ್ಯಾಟ್, ಫ್ರೀಕ್ವೆನ್ಸಿಗೆಂದೇ ಅರ್ಧ ಗಂಟೆಯ 1.5 ಗಿಗಾವ್ಯಾಟ್ ಪ್ರತ್ಯೇಕ ಸ್ಥಾವರ. ಗುತ್ತಿಗೆ ಪತ್ರದಲ್ಲಿ ಸಾಮರ್ಥ್ಯವನ್ನು ಯಾವ ಮಾತುಗಳಲ್ಲಿ ಬರೆಯಬೇಕು?

---

ಐವತ್ತುಹರ್ಟ್ಜ್:

ಆ 1.5 ಅನ್ನು ಪ್ರತ್ಯೇಕ ಸ್ಥಾವರ ಮಾಡಬೇಡಿ. ಒಂದೇ ಜಾಗದಲ್ಲಿ ಇದ್ದರೆ ಅದರ ಮಾರ್ಗ ಟ್ರಿಪ್ ಆದ ದಿನ ಮೀಸಲೇ ಇಲ್ಲ. ಎಲ್ಲ ಸ್ಥಾವರಗಳ ಇನ್ವರ್ಟರ್ ಒಟ್ಟು 7.5 ಗಿಗಾವ್ಯಾಟ್ ಇರಲಿ, ಸಂಜೆಯ ಡಿಸ್‌ಪ್ಯಾಚ್ (ಕೊಡಲು ಆದೇಶಿಸುವ ಶಕ್ತಿ) ಎಲ್ಲ ಕಡೆಯೂ ಶೇ. 80ಕ್ಕೆ ನಿಲ್ಲಲಿ. 7.5ರ ಶೇ. 80 ಅಂದರೆ 6, ನಿಮಗೆ ಬೇಕಾದಷ್ಟೇ. ಉಳಿದ ಶೇ. 20 ದೇಶದುದ್ದಕ್ಕೂ ಹಂಚಿಹೋಗಿರುತ್ತದೆ. ಡಿಸ್‌ಚಾರ್ಜ್ ಮುಗಿಯುವಾಗಲೂ ಆ 0.75 ಗಿಗಾವ್ಯಾಟ್-ಗಂಟೆ ಉಳಿಯುವಂತೆ ಚಾರ್ಜ್ ಮಟ್ಟದ ಕೆಳಮಿತಿ ಇಡಿ. ಅದನ್ನೂ ಸೇರಿಸಿದರೆ ಮೊದಲ ದಿನದ ನಾಮಫಲಕ ಸಾಮರ್ಥ್ಯ (ಕಂಟೇನರ್ ಮೇಲೆ ಬರೆದಿರುವ ಅಂಕಿ) ಸುಮಾರು 24.7 ಗಿಗಾವ್ಯಾಟ್-ಗಂಟೆ ಆಗುತ್ತದೆ.

---

ರ್ಯಾಕ್416:

ನಾಮಫಲಕದ ಅಂಕಿಯನ್ನು ಗುತ್ತಿಗೆಯಲ್ಲಿ ಬರೆಯಲೇಬೇಡಿ. ಗ್ರಿಡ್ ಸಂಪರ್ಕ ಬಿಂದುವಿನ ಮೀಟರ್‌ನಲ್ಲಿ, ಪೂರ್ಣ ರೇಟಿಂಗ್‌ನಲ್ಲಿ ಡಿಸ್‌ಚಾರ್ಜ್ ಮಾಡಿದಾಗ ಇಷ್ಟು ಮೆಗಾವ್ಯಾಟ್-ಗಂಟೆ ಬರಬೇಕು ಎಂದು ವರ್ಷವಾರು ಪಟ್ಟಿ ಕೇಳಿ: 1ನೇ ವರ್ಷ ಇಷ್ಟು, 5ಕ್ಕೆ ಇಷ್ಟು, 10ಕ್ಕೆ ಇಷ್ಟು. ಪಕ್ಕದಲ್ಲೇ ಷರತ್ತುಗಳು ಇರಲಿ: ವರ್ಷಕ್ಕೆ ಎಷ್ಟು ಆವರ್ತ (ಒಮ್ಮೆ ತುಂಬಿ ಬರಿದಾಗುವ ಸುತ್ತು), ಸರಾಸರಿ ಎಷ್ಟು ಹೊತ್ತು ಪೂರ್ತಿ ತುಂಬಿದ ಸ್ಥಿತಿಯಲ್ಲಿ ನಿಲ್ಲುತ್ತದೆ, ಹೊರಗಿನ ಗರಿಷ್ಠ ತಾಪಮಾನ ಎಷ್ಟು. ಈ ಷರತ್ತು ಇಲ್ಲದ ಖಾತರಿಯನ್ನು ಆಮೇಲೆ ಜಾರಿಗೊಳಿಸಲು ಆಗುವುದಿಲ್ಲ, ತಪ್ಪು ಬಳಕೆ ಎಂದು ಪೂರೈಕೆದಾರ ಕೈ ತೊಳೆದುಕೊಳ್ಳುತ್ತಾನೆ. ತಂಪುಯಂತ್ರದ ವಿದ್ಯುತ್ ಬೇರೆ ಫೀಡರ್‌ನಿಂದ ಬರುತ್ತಿದ್ದರೆ ಆ ಫೀಡರ್‌ಗೂ ಮೀಟರ್ ಕೂರಿಸಿ ದಕ್ಷತೆಯಲ್ಲಿ ಕಳೆಯಿರಿ. ಪರೀಕ್ಷೆ ವರ್ಷಕ್ಕೊಮ್ಮೆ, ಮಧ್ಯದಲ್ಲಿ ನಿಲ್ಲಿಸದೆ, ಮೇಲಿನ ಮಿತಿಯಿಂದ ಕೆಳಗಿನ ಮಿತಿಯವರೆಗೆ; ಸೆಲ್‌ವಾರು ವೋಲ್ಟೇಜ್ ಮತ್ತು ತಾಪಮಾನದ ದಾಖಲೆ ಗ್ರಿಡ್ ನಿರ್ವಾಹಕರಿಗೂ ಸಿಗಬೇಕು. ಆ ದಾಖಲೆಯ ಹಕ್ಕು ಯಾರದ್ದೆಂದು ಈಗಲೇ ಬರೆಸಿಕೊಳ್ಳಿ, ಖಾತರಿಯ ವಿವಾದ ಬಂದ ದಿನ ಕೈಯಲ್ಲಿರುವ ಸಾಕ್ಷಿ ಅದೊಂದೇ.